ಖಾಲಿ ಚೀಲದ ಲೆಕ್ಕ

ಹೊಸದುರ್ಗ
೧೦ ಆಗಸ್ಟ್ ೨೦೨೪

ಯಮುನಾ,

ರಸ್ತೆ ದಾಟಿದರೆ ನಿನ್ನ ಗಾಡಿ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರು ನಿಂತರೆ ಜಗಳವಾಡಿಬಿಡುತ್ತೇನೆ.

ಆರು ವರ್ಷ ಒಂದೇ ಬಾಣಲೆಯಲ್ಲಿ ಮೆಣಸಿನಕಾಯಿ ಕರಿದವರು ನಾವು. ನೀನು ಬೇರೆಯಾಗಿ ಎದುರಿಗೇ ಮಂಡಕ್ಕಿ ಗಾಡಿ ಹಾಕಿದೆ, ಹೋಗಲಿ. ಆ ಮಾತಾಡುವ ಡಬ್ಬಿ ಯಾಕೆ ತಂದೆ? ‘ಮೂವತ್ತು ರೂಪಾಯಿ ಬಂದಿದೆ’ ಎಂದು ಅದು ಕೂಗಿದಾಗೆಲ್ಲ ಬಾಣಲೆಯ ಎಣ್ಣೆಗಿಂತ ನನ್ನ ಹೊಟ್ಟೆಯೇ ಹೆಚ್ಚು ಕುದಿಯುತ್ತಿತ್ತು. ಹಳೇ ಕ್ಯಾಲೆಂಡರಿನ ಹಿಂದೆ ಪ್ಲೇಟಿಗೊಂದು ಗೀಟು ಹಾಕುತ್ತಾ ಹೋದೆ. ವಾರಕ್ಕೆ ಏಳುನೂರು ಗೀಟು!

ನಮ್ಮ ಮಹಿಳಾ ಸಂಘದ ತರಬೇತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಅನುಪಾತ ನೆನಪಿದೆಯಲ್ಲ? ಮಾರಾಟಕ್ಕೂ ಖರ್ಚಾದ ಸರಕಿಗೂ ತಾಳೆಯಾಗಬೇಕು. ನಮ್ಮಲ್ಲಿ ಚೀಲಕ್ಕೆ ನೂರು ಪ್ಲೇಟ್. ಏಳುನೂರು ಪ್ಲೇಟಿಗೆ ಏಳು ಚೀಲ ಖಾಲಿಯಾಗಬೇಕು. ಗುರುವಾರ ವಾರದ ಖಾಲಿ ಚೀಲ ವಾಪಸು ಒಯ್ಯಲು ಬಂದ ಮಂಡಕ್ಕಿ ಭಟ್ಟಿಯ ಮೂರ್ತಪ್ಪನನ್ನು ಕೇಳಿದೆ. “ಆ ಕಡೆ ನಾಲ್ಕೇ ಅವೆ ಮಂಗಳಕ್ಕಾ. ನಿಮ್ವು ಆರು ಅವಲ್ಲ, ಸುಮ್ಕಿರ್ರಿ” ಎಂದ.

ಮೂರು ಚೀಲ ಗಾಳಿ ಮಾರಿದೆಯೇನೆ? ಮಾರನೇ ದಿನ ಡಬ್ಬಿ ಬಿಟ್ಟು ನಿನ್ನ ಗಂಡನನ್ನು ನೋಡುತ್ತಾ ಕುಳಿತೆ. ನನ್ನ ಗಾಡಿಗೆ ಜನ ಮುತ್ತಿದಾಗೆಲ್ಲ ರವೀಂದ್ರ ಬೆಂಚಿನ ಮೇಲೆ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಾನೆ, ಡಬ್ಬಿ ಕೂಗುತ್ತದೆ. ಗಿರಾಕಿ ಒಬ್ಬನೂ ಇಲ್ಲ. ನಿನಗೂ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ತಿಳಿದು, ಅವತ್ತು ಎರಡು ಮುದ್ದೆ ಉಂಡೆ.

ಸೋಮವಾರ ಸಂಘದ ಸಭೆ. ಬಸ್ ನಿಲ್ದಾಣದ ಮಳಿಗೆ ಹಿಡಿಯಲು ಒಬ್ಬರಿಗೇ ಸಾಲ, ಅರ್ಜಿ ಹಾಕಿದವರು ನಾವಿಬ್ಬರೂ. ಅಧ್ಯಕ್ಷೆ ಉಚ್ಚಂಗೆಮ್ಮನಿಗೆ ಒಂದು ಮಾತು ಹೇಳಿದ್ದರೆ ನಿನ್ನ ಅರ್ಜಿ ಮುಗಿಯುತ್ತಿತ್ತು. ಹೇಳಲಿಲ್ಲ. ದೊಡ್ಡತನ ಅಂದುಕೊಳ್ಳಬೇಡ. ನನ್ನ ದುಡ್ಡನ್ನೂ ಸಾಲವನ್ನೂ ಭಾಗಿಸಿ ನೋಡಿದೆ: ಕೈಯಲ್ಲಿ ಒಂದು ರೂಪಾಯಿ ಇದ್ದರೆ ತಿಂಗಳೊಳಗೆ ತೀರಿಸಬೇಕಾದ್ದು ಎರಡು. ನಿನಗೆ ಸಾಲವಿಲ್ಲ, ಅಷ್ಟು ವ್ಯಾಪಾರವೂ ಇಲ್ಲ. ನನಗೆ ಎರಡೂ ಇದೆ. ಬೇರೆ ಬೇರೆ ಹೋದರೆ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ. ಒಂದೇ ಅರ್ಜಿ ಹಾಕೋಣ. ಬರುವುದಾದರೆ ಆ ಡಬ್ಬಿಯನ್ನೂ ತಾ. ನಿಜವಾದ ದುಡ್ಡಿಗೆ ಕೂಗಲಿ.

ನಿನ್ನ
ಮಂಗಳಕ್ಕ

ಮರೆತಿದ್ದೆ: ದಿನಾ ಹನ್ನೊಂದು ಗಂಟೆಗೆ ಡಬ್ಬಿ ಕೂಗುವ ಮೂವತ್ತು ರೂಪಾಯಿ ಮಾತ್ರ ರವೀಂದ್ರನದಲ್ಲ, ನನ್ನದು. ಹೂವಿನ ಗಿರಿಯಮ್ಮನ ಕೈಲಿ ನಿನ್ನ ಮಂಡಕ್ಕಿ ತರಿಸಿ ತಿನ್ನುತ್ತಿದ್ದೇನೆ. ಒಗ್ಗರಣೆಗೆ ಏನು ಹಾಕುತ್ತೀಯೋ, ಮೂರು ತಿಂಗಳಾದರೂ ಗೊತ್ತಾಗಲಿಲ್ಲ, ಹಾಳಾದವಳೇ.