ಗುಬ್ಬಿ ಬೆದರಿಸುವ ಸಿಡಿ

೧೨ ನವೆಂಬರ್ ೨೦೨೪, ಮಂಗಳವಾರ

ಬಲಗೈ ಗೆಣ್ಣು ಊದಿದೆ, ಪೆನ್ನು ನಿಲ್ಲುತ್ತಿಲ್ಲ. ನಮ್ಮ ಗದ್ದೆಯನ್ನು ಪಾಲಿಗೆ ಮಾಡುವ ಅಂಬಪ್ಪನ ಹಲ್ಲು ತಾಕಿದ ಗಾಯ.

ಮಧ್ಯಾಹ್ನ ವಳಕಮದಿನ್ನಿಯ ಆ ಗದ್ದೆಗೆ ಹೋಗಿದ್ದೆ. ಗುಬ್ಬಿ ಬೆದರಲೆಂದು ಭತ್ತದ ನಡುವೆ ಕೋಲು ನೆಟ್ಟು ಅಂಬಪ್ಪ ಹಳೆಯ ಸಿಡಿಗಳನ್ನು ತೂಗುಬಿಟ್ಟಿದ್ದ. ಅವುಗಳಲ್ಲೊಂದು ನನ್ನದು. ನನ್ನದಲ್ಲ, ತಮ್ಮ ಹುಲಿಗೇಶನದು. ಇಂಗ್ಲೆಂಡಿನ ಹಳೆಯ ಹೆವಿ ಮೆಟಲ್ ಬ್ಯಾಂಡೊಂದರ ಹೆಸರಾದ ಅಬ್ಬರದ ಹಾಡುಗಳೆಲ್ಲ ಇದ್ದ ಸಿಡಿ, ಮೊದಲ ಸಂಬಳದಲ್ಲಿ ಅವನಿಗೆಂದು ಹೈದರಾಬಾದಿನಿಂದ ತಂದದ್ದು. ಫೆಬ್ರವರಿಯಲ್ಲಿ ಮಸ್ಕಿ ರಸ್ತೆಯಲ್ಲಿ ಲಾರಿ ಹಾಯ್ದು ಅವನು ಸತ್ತ ಮೇಲೆ ಅದಕ್ಕಾಗಿ ಮನೆಯೆಲ್ಲ ಜಾಲಾಡಿದ್ದೆ.

ಅಂಬಪ್ಪನ ಅಂಗಿ ಹಿಡಿದು ಬದುವಿನ ಮೇಲೆ ಕೆಡವಿ ಬಾಯಿಗೆ ಗುದ್ದಿದೆ. ರಕ್ತ ಉಗುಳಿ ಎದ್ದು ಕುಳಿತ. ಕೈ ಎತ್ತಲಿಲ್ಲ.

“ಹೋದ ವರ್ಷ ಹುಲಿಗೇಶನೇ ಕಟ್ಟಿದ್ದಣ್ಣ. ನಾ ಈ ಸಲ ದಾರ ಅಷ್ಟ ಬದಲಿ ಮಾಡೀನಿ.”

“ಸುಳ್ಳು ಹೇಳಬ್ಯಾಡಲೇ. ಅದು ಅವನ ಜೀವ ಇತ್ತು.”

“ನಿನ್ನ ಜೀವ ಅದು. ಆ ಹಾಡು ಕೇಳಿದ್ರ ಅವಗ ತಲಿ ನೋಯತಿತ್ತು. ನೀ ಮನ್ಯಾಗ ಇದ್ದಾಗ ಅಷ್ಟ ಹಚ್ಚತಿದ್ದ. ಅಣ್ಣಗ ಹೇಳಬ್ಯಾಡ ಅಂದಿದ್ದ.”

ಒಂಬತ್ತು ತಿಂಗಳಿಂದ ಬೈಕಿನ ಮೇಲೆ, ಬಚ್ಚಲಲ್ಲಿ, ತಮ್ಮನ ಹಾಡೆಂದು ಮೊಬೈಲಿನಲ್ಲಿ ಅವನ್ನೇ ಹಾಕಿಕೊಂಡು ಅತ್ತಿದ್ದೇನೆ.

ಮೊದಲ ಏಟು ತಪ್ಪು ತಿಳಿದು ಹೊಡೆದದ್ದು. ಅದಕ್ಕೆ ನಾಳೆ ಹೋಗಿ ಕಾಲು ಹಿಡಿದೇನು. ಅವನು ಹೇಳಿದ್ದು ನಿಜವೆಂದು ತಿಳಿದ ಮೇಲೆ ಇನ್ನೊಂದು ಹೊಡೆದೆ. ಹಲ್ಲು ಮುರಿದದ್ದು ಅದರಿಂದ.