ಹೊಳೆಯುವ ಬೆಸುಗೆ

ಮನೆಯಿಂದ,
ಮಂಗಳವಾರ, ತಾರೀಕು ಹನ್ನೊಂದು

ಪ್ರೀತಿಯ ಅಪ್ಪನಿಗೆ ದೊಡ್ಡ ಮಗಳ ನಮಸ್ಕಾರ.

ಹೇಗಿದ್ದೀರಿ? ಹೊಟ್ಟೆನೋವು ಕಡಿಮೆಯಾಯಿತೇ? ಬೆರಳು ಜುಮ್ಮೆನ್ನುವುದು? ನೀವು ತಂಗಿಯ ಮನೆಗೆ ಹೋಗಿ ಮೂರು ತಿಂಗಳಾಯಿತು, ಅಲ್ಲಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯವರ ಟಾರ್ಚು ಎಲ್ಲವನ್ನೂ ಬಿಚ್ಚಿ ಜೋಡಿಸಿ ಮುಗಿದಿರಬೇಕು. ನಾವೆಲ್ಲ ಚೆನ್ನಾಗಿದ್ದೇವೆ. ಹೋದ ವಾರ ನನ್ನ ಕೆಲಸ ಹೋಗುವುದರಲ್ಲಿತ್ತು, ಹೋಗಲಿಲ್ಲ. ಉಳಿದದ್ದು ನಿಮ್ಮಿಂದ. ಹೋಗುವಂತಾದದ್ದೂ ಒಂದು ರೀತಿಯಲ್ಲಿ ನಿಮ್ಮಿಂದಲೇ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಿವಿ ಕೇಳಿಸದ ಮಕ್ಕಳಿಗೆ ಶ್ರವಣಯಂತ್ರ ತಯಾರಾಗುತ್ತದೆ, ನಾನು ತಪಾಸಣೆಯ ಮೇಜಿನಲ್ಲಿದ್ದೇನೆ ಎಂದು ಹೇಳಿದ್ದೆನಲ್ಲ. ಯಂತ್ರದ ಯಾವ ಭಾಗದಲ್ಲೂ ಸೀಸ, ಪಾದರಸದಂಥವು ಇರಕೂಡದು. ಕೆಟ್ಟ ಯಂತ್ರವನ್ನು ಮುಂದೆ ಎಲ್ಲೋ ಯಾರೋ ಒಡೆಯುತ್ತಾರೆ, ಸುಡುತ್ತಾರೆ, ಆ ವಿಷ ಮಣ್ಣಿಗೂ ನೀರಿಗೂ ಸೇರುತ್ತದೆ. ಹಾಗಾಗಿ ಪುಟ್ಟ ಸ್ಕ್ರೂಗೂ ಕೊಟ್ಟವರಿಂದ ಖಾತ್ರಿಪತ್ರ ಬೇಕು. ಬೆಸುಗೆಗೂ ಸೀಸವಿಲ್ಲದ ತಂತಿಯೇ. ಅದು ಕರಗುವುದು ನಿಧಾನ, ಆರಿದ ಮೇಲೆ ಮಂಕು. ನಿಮ್ಮ ರೇಡಿಯೋ ಅಂಗಡಿಯಲ್ಲಿ ಕಲಿತ ನನಗೆ ಆ ಬೆಸುಗೆ ಕಂಡರೆ ಮುಖ ತೊಳೆಯದ ಮಗುವನ್ನು ಕಂಡ ಹಾಗೆ. “ಬೆಸುಗೆ ಅಂದ್ರೆ ಹೊಳೀಬೇಕು ಕಣೆ” ಎಂದು ನೀವು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದಿರಿ.

ಬುಧವಾರ ನಲವತ್ತು ಯಂತ್ರಗಳಲ್ಲಿ ಒಂದೊಂದು ಬೆಸುಗೆ ಸಡಿಲ ಬಂತು. ನಾನೇ ಸರಿಮಾಡಲು ಕೂತೆ. ತಂತಿ ಮುಗಿದಿತ್ತು, ಉಗ್ರಾಣದವರು ಊಟಕ್ಕೆ ಹೋಗಿದ್ದರು. ಕೆಲಸಕ್ಕೆ ಸೇರಿದ ದಿನ ನೀವು ಹರಸಿ ಕೈಗಿಟ್ಟ ಬೆಸುಗೆ ತಂತಿಯ ಸುರುಳಿ ನನ್ನ ಡ್ರಾಯರಿನಲ್ಲಿತ್ತು. ಹೊರಗಿನ ಸಾಮಾನು ತರಬಾರದೆಂಬ ನಿಯಮವಿದ್ದರೂ ನೆನಪಿಗೆಂದು ಇಟ್ಟುಕೊಂಡಿದ್ದೆ. ಕೈ ಅದನ್ನೇ ಎಳೆಯಿತು. ಸುಳ್ಳೇಕೆ ಹೇಳಲಿ, ಆ ನಲವತ್ತು ಬೆಸುಗೆಗಳು ಹೊಳೆಯುವುದನ್ನು ನೋಡಿ ಜಂಬ ಬಂತು. ತಪಾಸಣೆಯ ಮುದ್ರೆ ಒತ್ತಿ, ಉಳಿದ ಮುನ್ನೂರರ ಜೊತೆ ಸೇರಿಸಿ ಮುಚ್ಚಳ ಕೂರಿಸಲು ಕಳಿಸಿಬಿಟ್ಟೆ.

ಮಾರನೆಯ ದಿನ, ಯಂತ್ರಕ್ಕೆ ಮುಚ್ಚಳ ಕೂರಿಸುವ ಅಕ್ಕ (ಅವರ ಕಣ್ಣಿಗೆ ಹೆದರಿ ನಾವು ಭೂತಗನ್ನಡಿ ಎನ್ನುತ್ತೇವೆ) ಕೊನೆಯ ಕೆಲವನ್ನು ನೋಡುತ್ತಾ, “ಎಷ್ಟು ಚೆಂದ ಹೊಳೀತಿದೆಯೇ, ನಿನ್ನ ಕೈಯೇ ಕೈ ಬಿಡು” ಎಂದರು. ಆಗಲೇ ನನಗೆ ಅರಿವಾದದ್ದು, ಹೊಳೆಯುತ್ತಿದ್ದದ್ದು ಸೀಸ. ಉಳಿದವಕ್ಕೆಲ್ಲ ಆಗಲೇ ಮುಚ್ಚಳ ಬಿದ್ದಿತ್ತು. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬಿಟ್ಟರೆ ಮನೆಗೆ ಕಳಿಸುತ್ತಾರೆ. ಆಗ ನೀವು ನೆನಪಾದಿರಿ. ಯಾರದೋ ರೇಡಿಯೋಗೆ ತಪ್ಪು ಭಾಗ ಹಾಕಿದೆನೆಂದು ಹೊಳೆದ ಕೂಡಲೇ ಊಟ ಬಿಟ್ಟು ಸೈಕಲ್ ಹತ್ತಿದ್ದಿರಿ. ಅಮ್ಮ ಬೈದಾಗ “ಅವ್ರಿಗೆ ಗೊತ್ತಿಲ್ಲ, ನಂಗೆ ಗೊತ್ತಲ್ಲ” ಎಂದಿರಿ. ನಾನು ಸೀದಾ ಮೇಲ್ವಿಚಾರಕರ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. “ಆ ನಲವತ್ತನ್ನ ಗುರುತು ಹಿಡೀತೀರಾ?” ಎಂದು ಕೇಳಿದರು. ಎರಡು ದಿನ ಎಲ್ಲರೂ ಕೂತು ಮುನ್ನೂರ ನಲವತ್ತನ್ನೂ ಬಿಚ್ಚಿದೆವು. ನಾನು ಬರೀ ಕಣ್ಣಿನಲ್ಲಿ ನಲವತ್ತನ್ನು ಆರಿಸಿದೆ. ಪರೀಕ್ಷೆಯ ಯಂತ್ರಕ್ಕೆ ಹಿಡಿದರೆ ಅಷ್ಟರಲ್ಲೂ ಸೀಸ, ಉಳಿದ ಒಂದರಲ್ಲೂ ಇಲ್ಲ. ಹೇಗೆ ಗೊತ್ತಾಯ್ತು ಎಂದು ಅವರು ಕೇಳಿದ್ದಕ್ಕೆ, “ನಮ್ಮಪ್ಪನ ಹೊಳಪು ಸಾರ್, ನಂಗೆ ಗೊತ್ತಾಗ್ದೆ ಇರುತ್ತಾ” ಎಂದೆ. ಅತ್ತುಬಿಟ್ಟೆ ಕೂಡ. ಒಂದು ತಿಂಗಳು ನನ್ನ ಮುದ್ರೆ ಅವರ ಬಳಿ ಇರುತ್ತದೆ, ಕೆಲಸ ಉಳಿದಿದೆ. ಭೂತಗನ್ನಡಿ ಅಕ್ಕ ತಮ್ಮ ಡಬ್ಬಿಯ ಊಟದಲ್ಲಿ ನನಗೂ ಪಾಲು ಕೊಟ್ಟರು.

ಅಪ್ಪಾ, ಎದುರಿಗೆ ಹೇಳಲು ನಾಚಿಕೆ, ಕಾಗದದಲ್ಲಿ ಹೇಳುತ್ತೇನೆ. ನಿಮ್ಮ ಮಗಳಾಗಿ ಹುಟ್ಟಿದ್ದು ನನ್ನ ಪುಣ್ಯ. ಮೂವತ್ತು ವರ್ಷ ಆ ಸೀಸದ ಜೊತೆಗೇ ಬದುಕಿ ನಮ್ಮಿಬ್ಬರನ್ನು ಓದಿಸಿದಿರಿ. ಅದು ವಿಷವೆಂದು ಆಗ ನಿಮಗೆ ಯಾರೂ ಹೇಳಲಿಲ್ಲ. ಅದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ.

ತಂಗಿಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸಿ, ಅವರ ಪುಟ್ಟಿಗೆ ನನ್ನ ಮುತ್ತು ಕೊಡಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲೆ ಸದಾ ಇರಲಿ.

ನಿಮ್ಮ
ದೊಡ್ಡ ಮಗಳು

ಲಕೋಟೆ ಅಂಟಿಸುವ ಮುಂಚೆ: ಸುತ್ತಿ ಬಳಸಿ ಬರೆದೆ, ವಿಷಯ ಇದು. ಭಾನುವಾರ ಪುಟ್ಟಿ ಫೋನಿನಲ್ಲಿ, “ದೊಡ್ಡಮ್ಮ, ತಾತ ನಂಗೆ ಬೆಸುಗೆ ಕಲಿಸ್ತಿದ್ದಾರೆ, ನಾನೂ ಅವ್ರ ಥರಾನೇ ತಂತಿ ಹಲ್ಲಲ್ಲಿ ಕಚ್ಕೊಳ್ತೀನಿ” ಎಂದಳು. ಸೋಮವಾರದಿಂದ ಅಲ್ಲಿ ನಿಮ್ಮ ತಂತಿಯ ಸುರುಳಿ ಕಾಣುತ್ತಿಲ್ಲವಲ್ಲ, ನಾನು ಹೇಳಿದ್ದಕ್ಕೆ ತಂಗಿ ಎತ್ತಿಟ್ಟಳು, ಅವಳ ಮೇಲೆ ರೇಗಬೇಡಿ. ಕಲಿಸುವುದು ನಿಲ್ಲಿಸಬೇಡಿ, ಸೀಸವಿಲ್ಲದ ತಂತಿ ನಾನೇ ತರುತ್ತೇನೆ. ಶನಿವಾರ ಬರುತ್ತೇನೆ, ನೀವು, ಪುಟ್ಟಿ, ನಾನು ಮೂವರೂ ಆಸ್ಪತ್ರೆಗೆ ಹೋಗೋಣ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸೋಣ. ನಾನೂ ವರ್ಷಗಟ್ಟಲೆ ಕಚ್ಚಿದವಳೇ. ಆದರೆ ಸೂಜಿಗೆ ಮೊದಲು ನೀವೇ ಕೈ ಚಾಚಬೇಕು ಅಪ್ಪಾ. ನೀವು ಮಾಡಿದ್ದನ್ನೆಲ್ಲ ಮಾಡುತ್ತಾಳೆ ಅವಳು.