ಟೆಸ್ಸಾಗೆ ಕೊಂಡ ಬೂಟು

ಅಮರಿಲೊ, ಟೆಕ್ಸಾಸ್
ಅಕ್ಟೋಬರ್ 21, ಸೋಮವಾರ

ಮಾರ್ಲಾ,

ನೀನೂ ಕೂಸೂ ಆರೋಗ್ಯವಾಗಿದ್ದೀರೆಂದು ಗಾರ್ತ್ ಹೇಳಿದ. ಹಸಿ ಬಾಣಂತಿ ನೀನು, ಉದ್ದದ ಕಾಗದ ಓದಲು ಪುರುಸೊತ್ತು ಇರಲಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ. ಕಮರಿಯಲ್ಲಿ ಮೂರು ದಿನ ಹೇಗಿತ್ತೆಂದು ನೀನು ಕೇಳಿದ್ದರೆ ನಿನ್ನ ಗಂಡ ಎಲ್ಲ ಚೆನ್ನಾಗಿತ್ತು ಎಂದಿರುತ್ತಾನೆ. ಅವನು ಅಂಥ ಮನುಷ್ಯ.

ಟೆಸ್ಸಾಳನ್ನು ಗಾರ್ತ್ ದತ್ತು ತೆಗೆದುಕೊಳ್ಳಲು ನನ್ನ ಒಪ್ಪಿಗೆ ಬೇಕೆಂದು ಆಗಸ್ಟ್‌ನಲ್ಲಿ ನೀನು ಕಾಗದಪತ್ರ ಕಳಿಸಿದೆಯಲ್ಲ, ಆಗ, ಸಹಿ ಹಾಕುವ ಮೊದಲು ಮಗಳನ್ನು ಒಮ್ಮೆ ನೋಡುತ್ತೇನೆ ಎಂದಿದ್ದೆ. ಅದು ಸುಳ್ಳು. ಸಹಿ ಹಾಕುವ ಮನಸ್ಸೇ ನನಗಿರಲಿಲ್ಲ. ಎಂಟು ವರ್ಷ ಮುಖ ತೋರಿಸದವನು ಮೂರು ದಿನದಲ್ಲಿ ಮಗಳನ್ನು ಗೆದ್ದುಕೊಂಡು ಬರುತ್ತೇನೆ ಎಂದುಕೊಂಡು ಹೊರಟಿದ್ದೆ. ಅದಕ್ಕೇ ಬೂಟು ಕೊಂಡೆ. ಕೆಂಪು ಚರ್ಮ, ಪಕ್ಕದಲ್ಲಿ ಹೊಲಿದ ಬಿಳಿ ನಕ್ಷತ್ರ. ಅಂಗಡಿಯವಳು ಅಳತೆ ಕೇಳಿದಳು. ಹನ್ನೊಂದು ವರ್ಷದ ಹುಡುಗಿಯ ಪಾದ ಎಷ್ಟಿರುತ್ತದೆಂದು ನನಗೇನು ಗೊತ್ತು? ಕೈ ಅಗಲಿಸಿ ತೋರಿಸಿದೆ.

ಶುಕ್ರವಾರ ಸಂಜೆ ನಾನು ಕಮರಿ ತಲುಪುವಷ್ಟರಲ್ಲಿ ಗಾರ್ತ್, ಟೆಸ್ಸಾ ಇಬ್ಬರೂ ಡೇರೆ ಹಾಕಿಯಾಗಿತ್ತು. ಗಾರ್ತ್ ಕಬ್ಬಿಣದ ಪಾತ್ರೆಯಲ್ಲಿ ಮಾಂಸ, ಮೆಣಸಿನಕಾಯಿ ಬೇಯಿಸುತ್ತಿದ್ದ. ಟೆಸ್ಸಾ ಪ್ಯಾಂಟಿಗೆ ಕೈ ಒರೆಸಿಕೊಂಡು ಬಂದು, "ನಾನು ಟೆಸ್ಸಾ. ದಾರಿ ಸುಲಭವಾಗಿ ಸಿಕ್ತಾ ನಿಮ್ಗೆ?" ಎಂದು ಕೈ ಮುಂದೆ ಚಾಚಿದಳು. ಕೈ ಕುಲುಕಿದೆವು, ಮಾರ್ಲಾ. ನನ್ನ ಮಗಳೂ ನಾನೂ ಕೈ ಕುಲುಕಿದೆವು.

ಬೂಟು ಕೊಟ್ಟೆ. ಡೇರೆಯೊಳಗೆ ಹೋಗಿ ಹಾಕಿಕೊಳ್ಳಲು ಬಹಳ ಹೊತ್ತು ಮಾಡಿದಳು. ಹೊರಬಂದು, "ಅಳತೆ ತಗೊಂಡೇ ಹೊಲ್ಸಿದ ಹಾಗಿದೆ. ತುಂಬಾ ಥ್ಯಾಂಕ್ಸ್" ಎಂದಳು. ಆ ರಾತ್ರಿ ನಾನು ಗೆದ್ದೆನೆಂದೇ ಮಲಗಿದೆ.

ಮರುದಿನ ಬೆಳಿಗ್ಗೆ ಕುದುರೆ ಸವಾರಿ. ದಾರಿ ತೋರಿಸಲು ಬಂದವಳು ಓಪಲ್ ಎಂಬ ಎಪ್ಪತ್ತರ ಹೆಂಗಸು. ನನಗೊಂದು ಮುದಿ ಕಂದು ಕುದುರೆ ಕೊಟ್ಟಿದ್ದಳು. ಕಮರಿಯ ತಳದ ಹಳ್ಳ ದಾಟುವಾಗ ಅದು ಕಾಲೂರಿ ನಿಂತೇಬಿಟ್ಟಿತು. ನಾನು ಅದರ ಕುತ್ತಿಗೆ ತಬ್ಬಿಕೊಂಡೆ. "ಏನಯ್ಯಾ, ಕುದುರೆ ನಿನ್ನ ಹೊತ್ಕೊಂಡಿದ್ಯೋ, ನೀನೇ ಕುದುರೆ ಹಿಡ್ಕೊಂಡು ನೇತಾಡ್ತಿದೀಯೋ?" ಎಂದು ಓಪಲ್ ಕೂಗಿದಳು. ಟೆಸ್ಸಾ ತನ್ನ ಕುದುರೆ ತಿರುಗಿಸಿಕೊಂಡು ಪಕ್ಕಕ್ಕೆ ಬಂದಳು. "ಹೆದರ್ಕೋಬೇಡಿ. ಲಗಾಮು ಸಡಿಲ ಬಿಡಿ, ದಾರಿ ಅದಕ್ಕೆ ಗೊತ್ತಿದೆ" ಎಂದಳು. ಆಮೇಲೆ ಗಾರ್ತ್ ಕಡೆ ತಿರುಗಿ, "ಅಪ್ಪಾ, ನೀನು ಮುಂದೆ ಹೋಗು. ಇವರನ್ನ ನಾನು ಕರ್ಕೊಂಡು ಬರ್ತೀನಿ" ಎಂದಳು.

ಅವನಿಗೆ ನೀನು. ನನಗೆ ನೀವು.

ಮಧ್ಯಾಹ್ನ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅವಳು ಟೋಪಿ ತೆಗೆದಳು. ಹುಬ್ಬನ್ನು ಸೀಳಿದ ಆ ಗುರುತು ಕಂಡಿತು. ಇದೇನಾಯಿತು ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ! "ಸಣ್ಣೋಳಿದ್ದಾಗ ಮೂರು ಗಾಲಿ ಸೈಕಲ್ಲಿಂದ ಬಿದ್ನಂತೆ, ಅಮ್ಮ ಹೇಳಿದ್ದು" ಎಂದಳು. ಸೇಬು ಹೆಚ್ಚುತ್ತಿದ್ದ ಗಾರ್ತ್‌ನ ಚಾಕು ನಿಂತಿತು. ಕುಡಿದು, ಮೂರು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿಯನ್ನು ಕಂದಕಕ್ಕೆ ಇಳಿಸಿದವನನ್ನು ನೀನು ಇಷ್ಟು ವರ್ಷ ಸೈಕಲ್ಲಿನ ಹಿಂದೆ ಬಚ್ಚಿಟ್ಟೆಯಾ, ಮಾರ್ಲಾ? ಎರಡು ವರ್ಷದ ಜೈಲು ಮುಗಿದ ಮೇಲೂ ನಾನು ನಿಮ್ಮ ಬಾಗಿಲಿಗೆ ಬರದಿದ್ದದ್ದು ಆ ಗಾಯ ನೋಡಲು ಅಂಜಿ. "ಸದ್ಯ, ಕಣ್ಣಿಗೇನೂ ಆಗ್ಲಿಲ್ವಲ್ಲ" ಎಂದಷ್ಟೇ ಹೇಳಲು ನನಗಾದದ್ದು. "ಅಮ್ಮಾನೂ ಹಾಗೇ ಅಂತಾಳೆ" ಎಂದು ಅವಳು ಸೇಬಿಗೆ ಕೈ ಚಾಚಿದಳು.

ಹಿಂದಿರುಗುವ ದಾರಿಯುದ್ದಕ್ಕೂ ನನ್ನ ಜೊತೆಜೊತೆಗೇ ಬಂದಳು. ನಿಮ್ಮ ಕೆಲಸ ಏನು, ನಾಯಿ ಸಾಕಿದ್ದೀರಾ, ಎಲ್ಲ ಕೇಳಿದಳು. ಎಷ್ಟು ನಕ್ಕಳು! ಲಾಯದ ಬಳಿ ನಾನು ಮೊದಲು ಇಳಿದು, ಅವಳನ್ನು ಇಳಿಸಿಕೊಳ್ಳಲು ಕೈ ಚಾಚಿದೆ. "ಪರವಾಗಿಲ್ಲ, ಅಪ್ಪ ಬರ್ತಾನೆ" ಎಂದಳು. ಗಾರ್ತ್ ಬಂದು ಇಳಿಸಿದ. ಪಾದ ನೆಲಕ್ಕೆ ತಾಗಿದ್ದೇ ತಡ, ಅವನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತುಬಿಟ್ಟಳು. "ಉರೀತಿದೆ ಅಪ್ಪಾ, ತೆಗಿ, ಬೇಗ ತೆಗಿ!"

ಬೂಟು ಎಳೆದಾಗ ಕಾಲುಚೀಲ ಹಿಮ್ಮಡಿಯ ರಕ್ತಕ್ಕೆ ಅಂಟಿಕೊಂಡಿತ್ತು. ಗಾರ್ತ್‌ಗೂ ಕಣ್ಣಲ್ಲಿ ನೀರು. "ನಿನ್ನೆ ರಾತ್ರೀನೇ ಹೇಳೋದಲ್ವೇನೇ, ಪೆದ್ದಿ?" ಎಂದು ಗದರಿದ. ಅವಳು ಅವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಅವರಿಗೆ ಬೇಜಾರಾಗುತ್ತೆ ಅಂತ."

ಮಕ್ಕಳು ನೋವನ್ನು ಅಪ್ಪನ ಎದುರು ತಡೆದುಕೊಳ್ಳುವುದಿಲ್ಲ, ಮಾರ್ಲಾ. ತಡೆದುಕೊಳ್ಳುವುದು ನೆಂಟರ ಎದುರು.

ಗಾರ್ತ್ ಆಮೇಲೆ ನನ್ನ ಹತ್ತಿರ ಬಂದು, ಅಳತೆ ಬರೆದುಕೊಡುತ್ತೇನೆ, ಬದಲಾಯಿಸಿಕೊಂಡರಾಯಿತು ಎಂದ. ಅವನ ಒಳ್ಳೆಯತನಕ್ಕೆ ಅವನನ್ನು ಹೊಡೆಯಬೇಕೆನಿಸಿತು. ಬೇಡ ಎಂದೆ.

ಒಪ್ಪಿಗೆಯ ಕಾಗದ ಇದರ ಜೊತೆಗಿದೆ. ಇವತ್ತು ಬೆಳಿಗ್ಗೆ ನೋಟರಿಯ ಮುಂದೆ ಕೂತು ಸಹಿ ಹಾಕಿದೆ. ಅಕ್ಷರ ಸೊಟ್ಟಗಾಗಿದ್ದರೆ ತಪ್ಪು ತಿಳಿಯಬೇಡ. ಕುಡಿತ ಬಿಟ್ಟು ಐದು ವರ್ಷವಾಯಿತು.

ಹುಡುಗಿಯನ್ನು ಚೆನ್ನಾಗಿ ಬೆಳೆಸಿದ್ದೀರಿ. ಇಬ್ಬರೂ.

ಇನ್ನು ಬರೆಯಲಾರೆ,
ವೆಂಡೆಲ್

ತಾ.ಕ.: ನಾನು ಹೊರಡುವಾಗ ಟೆಸ್ಸಾ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಾ ಗಾಡಿಯ ಕಿಟಕಿಯ ತನಕ ಬಂದಳು. ಮನೆಯಲ್ಲಿ ನಿಮಗೆ ಬೇರೆ ಮಕ್ಕಳಿದ್ದಾರಾ ಎಂದು ಕೇಳಿದಳು. ಇದ್ದಾರೆ, ಇಬ್ಬರು ಎಂದೆ. ಹೆಸರು ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ. "ಹಾಗಾದ್ರೆ ಒಳ್ಳೇದಾಯ್ತು. ಒಬ್ಬರೇ ಇರ್ತೀರೇನೋ ಅಂದ್ಕೊಂಡಿದ್ದೆ" ಎಂದು ಹಗುರಾಗಿ ನಕ್ಕಳು. ಮುಂದೆ ಎಂದಾದರೂ ವಿಚಾರಿಸಿದರೆ ನಿನ್ನ ಮಾತೂ ನನ್ನ ಮಾತೂ ಒಂದೇ ಇರಲಿ: ಹುಡುಗ ಲೊವೆಲ್, ಅವನಿಗೆ ಆರು. ಹುಡುಗಿ ಐರಿಸ್, ಅವಳಿಗೆ ನಾಲ್ಕು.